ನಲವತ್ತು ಹೆಜ್ಜೆ ದೂರದ ತಟ್ಟೆ

ಫೆಬ್ರವರಿ 9, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಬೆಂಕಿಕಡ್ಡಿಯ ನಮಸ್ಕಾರ. ನೀನು ಬರೆದ ಎರಡು ಕಾಗದಕ್ಕೂ ಉತ್ತರ ಬರೆಯದೆ ಒಂದೂವರೆ ತಿಂಗಳು ತಳ್ಳಿದ್ದೇನೆ. ಬೈಯುವಷ್ಟು ಬೈದುಕೋ. ಆಸ್ಪತ್ರೆಯ ಪಾಳಿ ಮುಗಿಸಿ ಬಂದು, ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತು ಬೈ. ಆಗ ನಿನ್ನ ಬೈಗುಳಕ್ಕೆ ಒಳ್ಳೆಯ ಹದ ಇರುತ್ತದೆ. ಕೆಲಸ ಜಾಸ್ತಿ ಇತ್ತು ಎಂದು ಸುಳ್ಳು ಹೇಳುವುದಿಲ್ಲ. ಬರೆಯಲು ಕೂತಾಗಲೆಲ್ಲ ಯಾವುದೋ ಕರಪತ್ರ ಕೈಗೆ ಸಿಗುತ್ತಿತ್ತು, ಓದುತ್ತಾ ಓದುತ್ತಾ ಪೆನ್ನಿನ ಮುಚ್ಚಳ ಹಾಕಿಬಿಡುತ್ತಿದ್ದೆ. ಜಗತ್ತನ್ನೆಲ್ಲ ಸರಿಮಾಡಲು ಹೊರಟವಳಿಗೆ ಅಕ್ಕನಿಗೆ ಒಂದು ಕಾಗದ ಬರೆಯಲು ಆಗಲಿಲ್ಲ ಎಂದು ನೀನು ಚುಚ್ಚುವ ಮೊದಲು ನಾನೇ ಚುಚ್ಚಿಕೊಂಡಿದ್ದೇನೆ.

ಮೊದಲು ಮನೆಯ ಸುದ್ದಿ. ಅಪ್ಪ ಚೆನ್ನಾಗಿದ್ದಾರೆ. ರಕ್ತದೊತ್ತಡದ ಮಾತ್ರೆಯನ್ನು ನಾನು ಎದುರು ನಿಂತರೆ ನುಂಗುತ್ತಾರೆ, ಇಲ್ಲದಿದ್ದರೆ ಕಿಟಕಿಯ ಕುಂಡಕ್ಕೆ ನುಂಗಿಸುತ್ತಾರೆ. ಕುಂಡದ ಗಿಡ ಈಗ ಬಹಳ ಶಾಂತವಾಗಿದೆ. ಅಮ್ಮ ತೀರಿಕೊಂಡ ಮೇಲೆ ಅಡುಗೆಮನೆಯ ಕಿಟಕಿಗೆ ಎಳೆದುಕೊಂಡ ಅವರ ಕುರ್ಚಿ ಅಲ್ಲೇ ಬೇರು ಬಿಟ್ಟಿದೆ. ಕೊರಳಲ್ಲಿ ನೀನು ಕೊಟ್ಟ ದುರ್ಬೀನು, ಎದುರಿಗೆ ಹಿತ್ತಿಲು, ಹಿತ್ತಿಲಿನ ಕೊನೆಯಲ್ಲಿ ಕಂಬದ ಮೇಲೆ ಹಕ್ಕಿಯ ತಟ್ಟೆ. ನೀನು ಹೊರಟ ದಿನ ನಾವಿಬ್ಬರೂ ನಿಂತು ಮಾತಾಡಿದ ಜಾಗದಲ್ಲೇ ಆ ಕಂಬ ಇನ್ನೂ ಇದೆ. ಬುಡ ಸ್ವಲ್ಪ ಗೆದ್ದಲು ತಿಂದಿದೆ, ತಗಡು ಸುತ್ತಿದ್ದೇನೆ.

ತಟ್ಟೆ ಎಂದರೆ ನಿನಗೆ ಗೊತ್ತಲ್ಲ, ನೂಲಿನ ಡಬ್ಬದ ತಗಡಿನ ಮುಚ್ಚಳ. ದಿನವೂ ಬೆಳಿಗ್ಗೆ ಅದನ್ನು ಬಿಸಿನೀರಿನಲ್ಲಿ ಉಜ್ಜಿ, ಬೋರಲು ಹಾಕಿ ಒಣಗಿಸಿ, ಆಮೇಲೆಯೇ ಕಾಳು. ಒದ್ದೆ ತಟ್ಟೆಯಲ್ಲಿ ಕಾಳು ಹಾಕಿದರೆ ಬೂಸು ಹಿಡಿದು ಹಕ್ಕಿಗೆ ರೋಗ ಬರುತ್ತದೆ ಎಂದು ಒಂದು ಕಿರುಹೊತ್ತಿಗೆಯಲ್ಲಿ ಓದಿ ಹೇಳಿದವಳು ನಾನು. ಈಗ ನನ್ನ ಊಟದ ತಟ್ಟೆಗಿಂತ ಅದು ಚೊಕ್ಕಟ. ನುಚ್ಚಕ್ಕಿಗೆ ಗುಬ್ಬಿಗಳು, ಕೆಳಗೆ ಉದುರಿದ ನವಣೆಗೆ ಬೆಳವಗಳು, ಪರಂಗಿ ಹೋಳಿಗೆ ಪಿಕಳಾರಗಳ ಜೋಡಿ. ಒಂಟಿ ಕಾಲಿನ ಗೊರವಂಕ ಒಂದಿದೆ. ಅದು ಬಂದರೆ ಎರಡು ಕಾಲಿನವೆಲ್ಲ ಸರಿದು ಜಾಗ ಬಿಡುತ್ತವೆ. ಅಪ್ಪ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದಾರೆ. ಗುಬ್ಬಿಗೆ ಎರಡು ಬೆರಳು ಚಕಚಕ ಕೂಡಿಸುವುದು, ಕಾಗೆಗೆ ಸೊಂಟದ ಮೇಲೆ ಕೈ, ಬೆಳವಕ್ಕೆ ಎದೆ ಉಬ್ಬಿಸಿ ಅಂಗೈ ಇಡುವುದು. ಈ ಕೊನೆಯದು ಮಗ್ಗದ ಶೆಡ್ಡಿನಲ್ಲಿ ಮ್ಯಾನೇಜರಿಗೆ ಇದ್ದ ಗುರುತು. ಅಪ್ಪ ಬೆಳವಕ್ಕೆ ಬೇರೆ ಗುರುತು ಹುಡುಕುವ ಗೋಜಿಗೆ ಹೋಗಿಲ್ಲ.

ನಮ್ಮ ಕೈಮಾತಿನ ಬಗ್ಗೆ ನಿನ್ನ ಆಸ್ಪತ್ರೆಯವರಿಗೆ ಹೇಳಿದರೆ ಯಾರೂ ನಂಬಲಿಲ್ಲ ಎಂದು ಬರೆದಿದ್ದೆ. ಬಂದು ನೋಡಲಿ. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಮೂವತ್ತೊಂದು ವರ್ಷ ನಿಂತವರಿಗೆ ಕಿವಿ ಉಳಿಯುವುದಿಲ್ಲ. ಕೈ, ತುಟಿ, ಕಣ್ಣು ಉಳಿಯುತ್ತವೆ. ಗಿರಣಿಯ ಈ ವಸತಿಸಾಲಿನ ಇಪ್ಪತ್ತೆರಡು ಮನೆಯಲ್ಲೂ ಒಬ್ಬರಾದರೂ ತುಟಿ ನೋಡಿ ಮಾತು ಓದುವವರಿದ್ದಾರೆ. ತಮ್ಮ ದನಿ ತಮಗೇ ಕೇಳದಾದ ಮೇಲೆ ಅಪ್ಪ ಬಾಯಿಮಾತು ಬಿಟ್ಟರು ಎನ್ನುವುದನ್ನೂ ಅವರಿಗೆ ಹೇಳು. ಮೂಕರು ಅಂದುಕೊಳ್ಳಬಾರದು.

ಈಗ ನಿಜವಾದ ಸುದ್ದಿ. ಹೋದ ಸೋಮವಾರ ಎಲ್ಲರ ಬಾಗಿಲಿಗೂ ಒಂದು ನೋಟಿಸು ಅಂಟಿಸಿದರು. ಹಿತ್ತಿಲುಗಳಲ್ಲಿ ಹಕ್ಕಿಗಳಿಗೆ ಕಾಳು, ನೀರು ಇಡಕೂಡದು. ಹಿಕ್ಕೆ ಬಿದ್ದು ಗಿರಣಿಯಲ್ಲಿ ಒಣಹಾಕಿದ ಬಟ್ಟೆ ಹಾಳಾಗುತ್ತಿದೆ. ಮಾತು ಮೀರಿದವರು ಹಿತ್ತಿಲನ್ನು ಗಿರಣಿಗೆ ಬಿಟ್ಟುಕೊಡಬೇಕು. ಅಪ್ಪ ಅದನ್ನು ಎರಡು ಸಲ ಓದಿದರು. ಆಮೇಲೆ ತಟ್ಟೆ ಉಜ್ಜಲು ಹೋದರು. ಅಷ್ಟೇ. ನನಗೆ ಮೈ ಉರಿಯಿತು. ಬಟ್ಟೆ ಮಡಿಸುವ ವಿಭಾಗದಲ್ಲಿ ಪ್ರತಿಯೊಂದು ಬಟ್ಟೆಯ ತಾನೂ ನನ್ನ ಮೇಜಿನ ಮೇಲೆಯೇ ಹಾದು ಹೋಗುವುದು. ಹೋದ ತಿಂಗಳು ಹಿಕ್ಕೆ ಬಿದ್ದ ತಾನು ಎರಡು. ಯಂತ್ರದ ಎಣ್ಣೆ ಬಿದ್ದದ್ದು ಮೂವತ್ತೊಂದು. ಎಣ್ಣೆಗೆ ಯಾರೂ ನೋಟಿಸು ಅಂಟಿಸಿಲ್ಲ.

ನೋಟಿಸು ಹರಿದು ಒಲೆಗೆ ಹಾಕಿದೆ. ಮರುದಿನ ವಸತಿಸಾಲಿನ ಸೂಪರ್‌ವೈಸರ್ ಬಂದರು. ನಿನಗೆ ನೆನಪಿರಬೇಕು, ಸದಾ ಜೇಬಿನಲ್ಲಿ ಅಳತೆಯ ಟೇಪು ಇಟ್ಟುಕೊಂಡು ಓಡಾಡುವವರು, ನಾವು ಟೇಪು ಎಂದೇ ಕರೆಯುತ್ತಿದ್ದೆವಲ್ಲ.

"ಏನಮ್ಮಾ, ನೋಟಿಸು ಓದೋಕೆ ಬರುತ್ತೆ ತಾನೆ?"

"ಬರುತ್ತೆ ಸಾರ್. ಹರಿಯೋಕೂ ಬರುತ್ತೆ."

"ನಾಲ್ಕು ಕರಪತ್ರ ಓದಿದೋರೆಲ್ಲ ಲೀಡರ್ ಆದ್ರೆ ಗಿರಣಿ ನಡ್ಸೋರ್ಯಾರು?"

"ಈಗಲೂ ನಡ್ಸ್ತಿರೋದು ನಾವೇ ಸಾರ್. ನೀವು ಅಳೀತಾ ಇದ್ದೀರಿ, ಅಷ್ಟೇ."

ಪಕ್ಕದ ಮನೆಯ ಬಾಬಿನ್ ಅಜ್ಜಿ ಗೋಡೆಯ ಮೇಲೆ ಗಲ್ಲ ಊರಿಕೊಂಡು ಎಲ್ಲ ನೋಡುತ್ತಿದ್ದಳು. ಟೇಪು ಹೋದ ಮೇಲೆ, "ಲೇ ಬೆಂಕಿಕಡ್ಡಿ, ಒಂದೊಂದೇ ಗೀರೇ. ಪೊಟ್ಟಣ ಪೂರ್ತಿ ಒಂದೇ ದಿನ ಖಾಲಿ ಮಾಡಿದ್ರೆ ನಾಳೆಗೆ ಏನ್ ಮಾಡ್ತೀಯ?" ಎಂದಳು. ಅವಳಿಗೂ ಕಿವಿ ಅರ್ಧ ಹೋಗಿದೆ; ಬಾಯಿ ಮಾತ್ರ ಮೂರು ಜನಕ್ಕೆ ಸಾಲುವಷ್ಟಿದೆ.

ತಟ್ಟೆ ತೆಗೆಯುವುದಿಲ್ಲ ಅಕ್ಕ. ಇದು ಕಾಳಿನ ಮಾತಲ್ಲ. ಇವತ್ತು ಹಕ್ಕಿಗೆ ಏನು ಹಾಕಬಾರದು ಎಂದು ಹೇಳುವವರು ನಾಳೆ ಕಿಟಕಿಯಿಂದ ಎಷ್ಟು ಆಕಾಶ ನೋಡಬಹುದು ಎಂದೂ ಅಳೆದು ಹೇಳುತ್ತಾರೆ. ಅಪ್ಪನ ಪಾಲಿಗೆ ಉಳಿದಿರುವುದು ಆ ಕಿಟಕಿ ಮತ್ತು ಈ ನಲವತ್ತು ಹೆಜ್ಜೆ ನೆಲ. ಅದನ್ನೂ ಕಿತ್ತುಕೊಂಡರೆ ಅವರು ಗೋಡೆ ನೋಡುತ್ತಾ ಕೂರಬೇಕು. ಆದರೆ ಆ ಮನುಷ್ಯನಿಗೆ ಒಂದಿಷ್ಟು ಸಿಟ್ಟಾದರೂ ಬರಬಾರದೇ? ಹೊಡೆದಾಟ ನನ್ನದು, ಹಕ್ಕಿ ಅವರದು. ಅದೂ ಅಲ್ಲದೆ ನಾನು ಕಾಳು ಹಾಕಲು ತಟ್ಟೆಯ ಹತ್ತಿರ ಹೋದರೆ ಸಾಕು, ದುರ್ಬೀನು ಕೆಳಗಿಟ್ಟು, ಅದರ ಮೇಲೆ ಹಳದಿ ಬಟ್ಟೆ ಹೊದಿಸಿ, ಗೋಡೆ ಗಡಿಯಾರದ ಕಡೆ ತಿರುಗಿ ಕೂರುತ್ತಾರೆ. ನಾನು ವಾಪಸು ಒಳಗೆ ಬಂದ ಮೇಲೆಯೇ ಮತ್ತೆ ಎತ್ತುವುದು. ನೋಡುವುದಕ್ಕೆ ನನಗಿಂತ ಕಾಗೆಯೇ ವಾಸಿ ಎಂದು ಕಾಣುತ್ತದೆ. ಹೋಗಲಿ.

ಅಪ್ಪ ಈಗ ಬಂದು ಈ ಹಾಳೆಯ ಮೇಲೆ ಅಂಗೈ ಇಟ್ಟು, ಮಡಿಕೆ ಬಿಡಿಸುವ ಹಾಗೆ ಒಮ್ಮೆ ನೇವರಿಸಿ ಹೋದರು. ಅದು ನಿನ್ನ ಹೆಸರಿನ ಗುರುತೂ ಹೌದು, ಆಶೀರ್ವಾದವೂ ಹೌದು. ಇಲ್ಲಿ ಶಾಯಿ ಸ್ವಲ್ಪ ಕದಡಿದೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ತಂಗಿ,
ಬೆಂಕಿಕಡ್ಡಿ


ಫೆಬ್ರವರಿ 19, ಬುಧವಾರ

ಅಕ್ಕ,

ಈ ಸಲ ತಡ ಮಾಡಿಲ್ಲ, ನೋಡು. ಊಟದ ಬಿಡುವಿನಲ್ಲಿ, ಮಡಿಸಿದ ತಾನುಗಳ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಓಡುತ್ತಿದ್ದರೆ ನೀನೂ ಜೊತೆಗೆ ಓಡು.

ನಿನ್ನೆ ನಾನು ಕೆಲಸದಿಂದ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಕೈ ಹಿಡಿದು ಎಳೆದುಕೊಂಡು ಕಿಟಕಿಗೆ ಕರೆದುಕೊಂಡು ಹೋಗಿ ಹಿಂದಿನ ಗೋಡೆ ತೋರಿಸಿದರು. ಆಮೇಲೆ ಅವರ ಕೈಗಳು ಎಷ್ಟು ವೇಗವಾಗಿ ಓಡಿದವು ಎಂದರೆ ಎರಡು ಸಲ "ಮೆಲ್ಲಗೆ, ಮೆಲ್ಲಗೆ" ಎನ್ನಬೇಕಾಯಿತು.

ಮಧ್ಯಾಹ್ನ ಟೇಪು ಒಬ್ಬ ಇಂಜಿನಿಯರನ್ನು ಕರೆದುಕೊಂಡು ಹಿಂದಿನ ಓಣಿಗೆ ಬಂದಿದ್ದರಂತೆ. ಮೋಟುಗೋಡೆಯ ಆಚೆ ನಿಂತು, ಹಿತ್ತಿಲಿನ ಕಡೆ ಮುಖ ಮಾಡಿ, ಒಂದು ನಕ್ಷೆ ಬಿಡಿಸಿಕೊಂಡು ಮಾತಾಡಿದರಂತೆ. ಇಂಜಿನಿಯರ್ ಹೇಳಿದ್ದು: ಇಪ್ಪತ್ತೆರಡು ಹಿತ್ತಿಲೂ ಸೇರಿದರೆ ಹೊಸ ಗೋದಾಮಿಗೆ ಜಾಗ ಸರಿಹೋಗುತ್ತದೆ, ಆದರೆ ಜನ ಬಿಡುತ್ತಾರೆಯೇ? ಟೇಪು ಹೇಳಿದ್ದು: ಹಕ್ಕಿ ನೋಟಿಸು ಇದೆಯಲ್ಲ, ಹೇಗೂ ಯಾರೋ ಒಬ್ಬರು ಮೀರುತ್ತಾರೆ, ಒಂದು ಹಿತ್ತಿಲು ಕೈಗೆ ಬಂದರೆ ಉಳಿದವರು ಹೆದರಿ ತಾವೇ ಬಿಟ್ಟುಕೊಡುತ್ತಾರೆ, ಆ ಕರಪತ್ರದ ಹುಡುಗಿ ಮೊದಲು ಸಿಗುತ್ತಾಳೆ.

ನಾನು ದಂಗಾದೆ. ಅವರು ನಿಂತಿದ್ದದ್ದು ತಟ್ಟೆಗಿಂತಲೂ ಆಚೆ. ಬರಿಗಣ್ಣಿಗೆ ಅಲ್ಲಿಂದ ಮೀಸೆ ಇದೆಯೋ ಇಲ್ಲವೋ ಕಾಣುವುದಿಲ್ಲ. "ಹೇಗಪ್ಪಾ ಗೊತ್ತಾಯ್ತು?" ಎಂದೆ. ಅಪ್ಪ ಎದೆಯ ಮೇಲಿನ ದುರ್ಬೀನನ್ನು ಎರಡು ಸಲ ತಟ್ಟಿದರು. ಅಕ್ಕ, ನೀನು ಕೊಟ್ಟದ್ದು ಹಕ್ಕಿ ನೋಡುವ ಸಾಮಾನು, ಅದು ನಮ್ಮ ಹಿತ್ತಿಲಿನ ಕಾವಲುಗಾರ ಆಗಿದೆ! ನಿನಗೆ ಒಂದು ಅಪ್ಪುಗೆ.

ಓಡಿಹೋಗಿ ಅಜ್ಜಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ನಿಮ್ಮಪ್ಪನ ಕಣ್ಣು ಅಂದ್ರೆ ಏನಂದ್ಕೊಂಡಿದ್ದೀಯ? ಆ ದೊಡ್ಡ ಮುಷ್ಕರ ಹೆಂಗಾಯ್ತು ಹೇಳು?"

"ಯೂನಿಯನ್ನವರು ಮಾಡಿದ್ದು ಅಂತ ಓದಿದ್ದೀನಿ."

"ಓದಿದ್ದೀಯ! ನಾವು ನಿಂತು ಮಾಡಿದ್ದೀವಿ ಕಣೇ. ಮಾಲೀಕರ ಕಡೆಯವರು ಮಗ್ಗದ ಮಧ್ಯೆ ಓಡಾಡ್ತಿದ್ರು, ಇಬ್ಬರು ಒಂದು ಕಡೆ ನಿಂತ್ರೆ ದಂಡ. ನಿಮ್ಮಪ್ಪ ಆರನೇ ಮಗ್ಗದಲ್ಲಿ ನಿಂತು ಕೈ ಆಡಿಸ್ದ. ಅವನಿಂದ ಇಪ್ಪತ್ತನೇ ಮಗ್ಗ, ಅಲ್ಲಿಂದ ನನ್ನ ಬಾಬಿನ್ ಯಂತ್ರ. ಅವರ ಮೂಗಿನ ಕೆಳಗೇ ಮಾತು ಹೋಯ್ತು. ಹತ್ತು ಗಂಟೆಗೆ ಇನ್ನೂರು ಮಗ್ಗ ಒಂದೇ ಸಲ ನಿಂತ್ವು. ಆ ನಿಶ್ಶಬ್ದ ಇದ್ಯಲ್ಲ, ನಾವು ಯಾರೂ ಅದನ್ನ ಮೊದಲು ಕೇಳಿರ್ಲೇ ಇಲ್ಲ."

"ಅಪ್ಪ ನನಗೆ ಇದನ್ನ ಯಾವತ್ತೂ ಹೇಳ್ಲಿಲ್ವಲ್ಲ ಅಜ್ಜಿ."

"ನೀನು ಯಾವತ್ತು ಕೇಳ್ದೆ? ನಿನ್ನ ಕೈಲಿ ಯಾವಾಗ್ಲೂ ಪುಸ್ತಕ."

ಆ ಮುಷ್ಕರದ ಬಗ್ಗೆ ನನ್ನ ಹತ್ತಿರ ಮೂರು ಕಿರುಹೊತ್ತಿಗೆಗಳಿವೆ. ಒಂದರಲ್ಲೂ ಆರನೇ ಮಗ್ಗ ಇಲ್ಲ. ಅಪ್ಪ ಎಂದರೆ ತಲೆ ತಗ್ಗಿಸಿ ಹೋಗಿ ತಲೆ ತಗ್ಗಿಸಿ ಬಂದವರು ಎಂದು ನಾನು ನಂಬಿಕೊಂಡು ಬಂದಿದ್ದೆನಲ್ಲ, ಅದನ್ನು ನಿನ್ನೆಯಿಂದ ಎಲ್ಲಿ ಇಡಬೇಕೋ ತಿಳಿಯುತ್ತಿಲ್ಲ.

ಶನಿವಾರ ಕ್ಯಾಂಟೀನಿನಲ್ಲಿ ಸಭೆ ಕರೆದಿದ್ದಾರೆ. ನೋಟಿಸು ಹರಿದದ್ದಕ್ಕೆ ನಾನು ಉತ್ತರ ಕೊಡಬೇಕಂತೆ. ಉತ್ತರ ಹದಿನಾಲ್ಕು ಪುಟ ಆಗಿದೆ. ಸೈರನ್ ಆಯಿತು, ನಿಲ್ಲಿಸುತ್ತೇನೆ.

ಬೆಂಕಿಕಡ್ಡಿ


ಫೆಬ್ರವರಿ 27, ಗುರುವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ತಂಗಿಗೆ ಏಳು ದಿನ ಕೆಲಸದಿಂದ ಹೊರಗಿರುವ ಶಿಕ್ಷೆಯಾಗಿದೆ. ಅಳಬೇಡ, ನಗು. ಸಭೆಯ ಮರುದಿನವೇ ಬರೆಯಬೇಕಿತ್ತು. ಸಮಯ ಬೇಕಾದಷ್ಟಿತ್ತು. ಯಾಕೆ ಬರೆಯಲಿಲ್ಲ ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಸಭೆ.

ಕ್ಯಾಂಟೀನಿನ ಬೆಂಚುಗಳೆಲ್ಲ ತುಂಬಿ ಗೋಡೆಗೂ ಜನ ಒರಗಿದ್ದರು. ಮ್ಯಾನೇಜರ್ ಬಟ್ಟೆಯ ಮೇಲಿನ ಹಿಕ್ಕೆಯ ಕಲೆ ತೋರಿಸಿ ಅರ್ಧ ಗಂಟೆ ಮಾತಾಡಿದರು. ನನ್ನ ಸರದಿ ಬಂತು. ಬೆಂಚಿನ ಮೇಲೆ ಹತ್ತಿ ನಿಂತು ಓದಲು ಶುರು ಮಾಡಿದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನವರು ಆಕಳಿಸುತ್ತಿದ್ದರು. ಆಕಾಶಕ್ಕೆ ಬೇಲಿ ಹಾಕಲಾಗದು ಎನ್ನುವ ಕಡೆ ಚಪ್ಪಾಳೆ ಬರುತ್ತದೆ ಎಂದುಕೊಂಡಿದ್ದೆ. ಒಂದು ಕೆಮ್ಮು ಬಂತು. ಗೋದಾಮಿನ ಮಾತು ಎತ್ತಿದ ಕೂಡಲೇ ಟೇಪು ಎದ್ದು ನಿಂತರು.

"ಯಾರು ಹೇಳಿದ್ದು ನಿನಗೆ?"

"ನಮ್ಮಪ್ಪ."

"ನಿಮ್ಮಪ್ಪನಿಗೆ ಪಕ್ಕದಲ್ಲಿ ಡೋಲು ಬಾರ್ಸಿದ್ರೂ ಕೇಳಲ್ಲ. ನಾನು ಓಣಿಲಿ ಪಿಸುಗುಟ್ಟಿದ್ದು ಕೇಳಿಸ್ತಂತಾ?"

ಸಭೆಯಲ್ಲಿ ನಗು ಎದ್ದಿತು. ಆ ನಗು ಮುಗಿಯುವ ಮೊದಲೇ ಅಪ್ಪ ಎದ್ದರು. ಮದುವೆ ಮನೆಗೂ ಹೋಗದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೊರಳಲ್ಲಿ ದುರ್ಬೀನು ತೂಗಿಸಿಕೊಂಡು, ಎಲ್ಲರ ಮಧ್ಯೆ ಕೈ ಎತ್ತಿದರು. ಕೈ ಆಡುತ್ತಾ ಹೋದ ಹಾಗೆ ಬಾಬಿನ್ ಅಜ್ಜಿ ಗಟ್ಟಿಯಾಗಿ ಹೇಳುತ್ತಾ ಹೋದಳು.

"ಬೆಳವ... ಅಲ್ಲ, ಮ್ಯಾನೇಜರ್ ಸಾಹೇಬರೇ, ಅಂತಿದ್ದಾನೆ."

ಹಳೆಯ ನೇಕಾರರೆಲ್ಲ ಬಾಯಿಗೆ ಟವೆಲ್ ಅಡ್ಡ ಹಿಡಿದರು.

"ಈ ಸೂಪರ್‌ವೈಸರನ್ನೂ ನಿಮ್ಮ ಗುಮಾಸ್ತರನ್ನೂ ನೀರಿನ ಟ್ಯಾಂಕಿನ ಹತ್ರ ಕಳ್ಸಿ. ನಮ್ಮ ಕಡೆ ಮುಖ ಮಾಡ್ಕೊಂಡು ಏನಾದ್ರೂ ಪಿಸುಗುಟ್ಲಿ. ನಿಮ್ಮ ಗುಮಾಸ್ತರು ಬರ್ಕೊಳ್ಳಲಿ. ನಾನು ಇಲ್ಲೇ ನಿಂತು ಹೇಳ್ತೀನಿ, ಅಂತಿದ್ದಾನೆ."

ಮ್ಯಾನೇಜರಿಗೆ ಬೇರೆ ದಾರಿ ಇರಲಿಲ್ಲ; ನೂರೈವತ್ತು ಜನ ನೋಡುತ್ತಿದ್ದರು. ಟೇಪು ಮತ್ತು ಗುಮಾಸ್ತ ಬಿಸಿಲಿನಲ್ಲಿ ಅಂಗಳ ದಾಟಿ ಟ್ಯಾಂಕಿನ ಕೆಳಗೆ ಹೋಗಿ ಈ ಕಡೆ ತಿರುಗಿ ನಿಂತರು. ಅಪ್ಪ ಬಾಗಿಲ ಚೌಕಟ್ಟಿಗೆ ಮೊಣಕೈ ಊರಿ ದುರ್ಬೀನು ಎತ್ತಿದರು. ಒಂದು ಕೈಯಲ್ಲಿ ದುರ್ಬೀನು, ಇನ್ನೊಂದು ಕೈ ಸೊಂಟದ ಪಕ್ಕದಲ್ಲೇ ಆಡುತ್ತಿತ್ತು. ಆರನೇ ಮಗ್ಗದಲ್ಲಿ ಹೀಗೇ ನಿಂತಿದ್ದರೇನೋ ಎಂದುಕೊಂಡೆ.

ಅವರಿಬ್ಬರೂ ವಾಪಸು ಬಂದರು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಶುರು ಮಾಡಿದಳು.

"ಮೊದಲು ಸೂಪರ್‌ವೈಸರ್ ಹೇಳಿದ್ದು. 'ಈ ಮ್ಯಾನೇಜರನ ತಲೇಲಿ ಬರೀ ಹತ್ತಿ. ಕಿವುಡನ ಆಟಕ್ಕೆ ನಮ್ಮನ್ನ ಬಿಸಿಲಿಗೆ ಓಡಿಸ್ತಾನೆ.' ಆಮೇಲೆ ಗುಮಾಸ್ತರು ಹೇಳಿದ್ದು, 'ಮೆಲ್ಲಗೆ ಸಾರ್.' ಅದಕ್ಕೆ ಸೂಪರ್‌ವೈಸರ್, 'ಇಷ್ಟು ದೂರ ಯಾವನಿಗಯ್ಯಾ ಕಾಣುತ್ತೆ, ಬರ್ಕೋ.' ಆಮೇಲೆ, 'ನಾಳೆ ಭಾನುವಾರ, ನಲ್ಲಿ ನೀರು ಎರಡು ಗಂಟೆ ತಡ.' ಇಷ್ಟೇನಾ?"

ಮ್ಯಾನೇಜರ್ ಗುಮಾಸ್ತನ ಕೈಯಿಂದ ಚೀಟಿ ಕಿತ್ತುಕೊಂಡರು. ಅದರಲ್ಲಿ ನಲ್ಲಿ ನೀರಿನ ಮಾತು ಮಾತ್ರ ಇತ್ತು, ಅಕ್ಷರವೂ ತಪ್ಪದೆ.

"ಮೊದಲಿನ ಮಾತು?" ಎಂದರು.

ಗುಮಾಸ್ತ ಚಪ್ಪಲಿ ನೋಡುತ್ತಾ, "ಅದನ್ನೂ ಬರ್ಕೋ ಅಂತ ಯಾರೂ ಹೇಳ್ಲಿಲ್ಲ ಸಾರ್" ಎಂದ.

ಅಕ್ಕ, ಆ ನಗುವನ್ನು ನೀನು ಕೇಳಬೇಕಿತ್ತು. ಕ್ಯಾಂಟೀನಿನ ತಗಡು ಎದ್ದು ಹೋಗುತ್ತದೇನೋ ಅನ್ನಿಸಿತು. ನನ್ನ ಹದಿನಾಲ್ಕು ಪುಟ ಮಾಡಲಾಗದ್ದನ್ನು ಅಪ್ಪನ ಒಂದು ಕೈ ಮಾಡಿತು. ಮ್ಯಾನೇಜರ್ ಕೆಂಪಗಾಗಿ, ಮಾತು ತಿರುಗಿಸಲು ಅಪ್ಪನನ್ನು ಕೇಳಿದರು, "ಇಷ್ಟು ದೂರದಿಂದ ಹೀಗೆ ಕದ್ದು ಓದೋದು ಎಷ್ಟು ದಿನದಿಂದ? ಮೊದಲು ಎಷ್ಟು ಸಲ ಮಾಡಿದ್ದೀರಿ?"

ಅಪ್ಪ ಎರಡು ಬೆರಳು ತೋರಿಸಿದರು.

"ಮಂಗಳವಾರ ಒಂದು. ಇನ್ನೊಂದು?" ಎಂದರು ಮ್ಯಾನೇಜರ್.

ಅಪ್ಪ ಬೆರಳು ಮಡಿಚಿ, ಎರಡು ಮುಷ್ಟಿ ಹತ್ತಿರ ತಂದು ಫಟ್ಟನೆ ಬಿಡಿಸಿದರು. ನೂಲಿನ ಎಳೆ ತುಂಡಾಯಿತು ಎನ್ನುವ ಗುರುತು; ಮನಸ್ಸು ಮುರಿದರೂ ಅದೇ. ಅಜ್ಜಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. "ಅದು ಇಲ್ಲಿಗೆ ಬೇಡ ಸಾಹೇಬರೇ" ಎಂದಷ್ಟೇ ಹೇಳಿ ಕೂತಳು.

ಗೋದಾಮಿನ ನಕ್ಷೆ ಇಲ್ಲ ಎಂದು ಮ್ಯಾನೇಜರ್ ಹೇಳಲಿಲ್ಲ. ಎಲ್ಲವನ್ನೂ ಮೇಲಿನವರಿಗೆ ಬರೆಯುತ್ತೇನೆ, ಅಲ್ಲಿಯವರೆಗೆ ಯಾರ ಹಿತ್ತಿಲನ್ನೂ ಮುಟ್ಟುವುದಿಲ್ಲ ಎಂದರು. ಆದರೆ ನೋಟಿಸು ವಾಪಸಿಲ್ಲ. ನೋಟಿಸು ಹರಿದದ್ದಕ್ಕೆ, ಬೆಂಚು ಹತ್ತಿದ್ದಕ್ಕೆ ನನಗೆ ಏಳು ದಿನ. ಇನ್ನೊಂದು ತಪ್ಪು ಮಾಡಿದರೆ ಪೂರ್ತಿ ಮನೆಗೆ ಹೋಗಬಹುದು ಎಂದೂ ಸೇರಿಸಿದರು. "ತಟ್ಟೆ ನಾಳೆಯೂ ಅಲ್ಲೇ ಇರುತ್ತೆ ಸಾರ್, ಬಂದು ನೋಡಿ" ಎಂದೆ. ಅವರು ಬರಲಿಲ್ಲ. ಟೇಪು ಬಂದರು.

ಭಾನುವಾರ ಬೆಳಿಗ್ಗೆ ಅವರು ಕಂಡದ್ದು ಒಂದು ತಟ್ಟೆಯಲ್ಲ. ಸಭೆ ಮುಗಿದ ಸಂಜೆ ಗೋಡೆಯಿಂದ ಗೋಡೆಗೆ ಕೈಮಾತು ಹರಿದಿತ್ತು. ಬೆಳಗಾಗುವಷ್ಟರಲ್ಲಿ ಇಪ್ಪತ್ತೆರಡು ಹಿತ್ತಿಲಿನಲ್ಲೂ ಇಪ್ಪತ್ತೆರಡು ತಟ್ಟೆ: ಡಬ್ಬದ ಮುಚ್ಚಳ, ಬಾಣಲೆ, ಹಿಡಿಕೆ ಮುರಿದ ಜರಡಿ. ಕಾಗೆ ಕಂಡರೆ ಕಲ್ಲೆಸೆಯುತ್ತಿದ್ದ ಅಜ್ಜಿ ಮಗನ ಊಟದ ಡಬ್ಬಿಯನ್ನೇ ನೇತುಹಾಕಿದ್ದಳು. "ಇವತ್ತು ಅವನು ಎಲೆ ಮೇಲೆ ತಿನ್ಲಿ" ಎಂದಳು. ಟೇಪು ಓಣಿಯ ಉದ್ದಕ್ಕೂ ನಡೆದು, ಬೆರಳು ಮಡಿಚಿ ಎಣಿಸಿ, ಎಣಿಕೆ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿ ಹೋದರು. ಯಾರದು ಮೊದಲು ಕೀಳುತ್ತಾರೆ? ಕೀಳಲಿ, ನೋಡೋಣ. ಗುಬ್ಬಿಗಳಿಗೆ ಮಾತ್ರ ತಲೆ ಕೆಟ್ಟುಹೋಗಿದೆ, ಯಾವ ಮನೆಗೆ ಹೋಗಬೇಕೆಂದು ತಿಳಿಯದೆ ತಂತಿಯ ಮೇಲೆ ಕೂತು ಜಗಳಾಡುತ್ತಿವೆ. ಮೇಸ್ತ್ರಿ ನಮ್ಮ ಮನೆಯನ್ನು ಬಿಟ್ಟಿಲ್ಲ.

ಕೆಲಸ ಹೋದರೂ ಹೋಗಲಿ ಅಕ್ಕ. ಬಟ್ಟೆ ಮಡಿಸಲು ಎರಡು ಕೈ ಸಾಕು, ಎಲ್ಲಾದರೂ ಮಡಿಸುತ್ತೇನೆ. ಇಪ್ಪತ್ತೆರಡು ಮನೆ ಒಂದೇ ಮಾತಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇನ್ನು ನನ್ನನ್ನು ನೋಟಿಸಿನಿಂದ ಹೆದರಿಸಲು ಆಗುವುದಿಲ್ಲ.

ಅಪ್ಪ ಅಂಗೈಯಿಂದ ಈ ಹಾಳೆಯನ್ನೂ ನೇವರಿಸಿದ್ದಾರೆ. ನಿನ್ನ ಕಾಲುನೋವು ಇಳಿಯಲಿ, ನಿನ್ನ ವಾರ್ಡಿನವರೆಲ್ಲ ಎದ್ದು ಓಡಾಡಲಿ ಎಂದು ಕೈಯಲ್ಲಿ ಹೇಳಿದರು, ನಾನು ಬರೆದೆ.

ನಿನ್ನ ತಂಗಿ,
ಬೆಂಕಿಕಡ್ಡಿ

ಮರೆತ ಮಾತು: ಮರೆತದ್ದಲ್ಲ, ಐದು ದಿನದಿಂದ ಮುಂದೂಡಿದ್ದು. ಆ ಇನ್ನೊಂದು ಸಲ ಯಾವುದು ಎಂದು ಸಭೆಯಿಂದ ಮನೆಗೆ ಬಂದ ಮೇಲೆ ಅಪ್ಪನನ್ನು ಕೇಳಿದೆ. ಗೆದ್ದ ಖುಷಿಯಲ್ಲಿ, ನಗುತ್ತಲೇ ಕೇಳಿದೆ. ಅವರು ಕಂಬದ ಕಡೆ ಬೊಟ್ಟು ಮಾಡಿದರು. ಅಂಗೈ ನೇವರಿಸಿದರು: ನೀನು. ಕಡ್ಡಿ ಗೀರಿದರು: ನಾನು. ಆಮೇಲೆ ದುರ್ಬೀನನ್ನು ಪೊಟ್ಟಣದಿಂದ ಬಿಚ್ಚುವ ಹಾಗೆ ಮಾಡಿ ಕಣ್ಣಿಗೆ ಹಿಡಿದರು: ಮೊದಲ ದಿನ.

ನೀನು ಹೊರಟ ಬೆಳಿಗ್ಗೆ, ಅಕ್ಕ. ನಿವೃತ್ತಿಗೆ ಅಂತ ಅದನ್ನು ಅವರ ಕೈಗೆ ಕೊಟ್ಟು ಬಂದು ಹತ್ತು ನಿಮಿಷ ಆಗಿರಲಿಲ್ಲ. ಮನೆಯೊಳಗೆ ಮಾತಾಡಿದರೆ ತುಟಿ ಓದುತ್ತಾರೆ ಎಂದು ನಾವು ಬೇಕೆಂದೇ ಅಷ್ಟು ದೂರ ಹೋದೆವು. ಎದ್ದು ಬಂದರೆ ತಿಳಿಯಲಿ ಎಂದು ಕಿಟಕಿಯ ಕಡೆಗೇ ಮುಖ ಮಾಡಿ ನಿಂತೆವು. ಕೊಟ್ಟ ಸಾಮಾನು ಏನು ಮಾಡುತ್ತದೆ ಎಂದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ನಾನು ಏನು ಹೇಳಿದೆ ಎಂದು ನಿನಗೆ ನೆನಪಿರಬಹುದು. "ಅಪ್ಪ ಅಂದ್ರೆ ಬರೀ ಬಗ್ಗಿದ ಬೆನ್ನು ಕಣೇ. ಮೂವತ್ತೊಂದು ವರ್ಷ ಗಿರಣಿಗೆ ಕಿವಿ ಕೊಟ್ಟು ನಿವೃತ್ತಿಗೆ ಅಂತ ಒಂದು ಗೋಡೆ ಗಡಿಯಾರ ತಂದ್ರು. ಇಂಥವರ ಮಗಳು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ." ನೀನು "ಮೆಲ್ಲಗೆ ಮಾತಾಡೇ" ಎಂದೆ. ನಾನು, "ಯಾರಿಗೆ ಕೇಳ್ಸುತ್ತೆ?" ಎಂದೆ. ಇಬ್ಬರೂ ನಕ್ಕೆವು.

ಆ ಕೊನೆಯ ಮಾತನ್ನು ಅಪ್ಪ ನನಗೆ ಕೈಯಲ್ಲಿ ಹೇಳಿ ತೋರಿಸಿದರು. ಕಿವಿ ಹಿಡಿದು, ಖಾಲಿ ಅಂಗೈ ಬಿಡಿಸಿ. ಸಿಟ್ಟಿರಲಿಲ್ಲ. ಆಮೇಲೆ ಚಹಾ ಬೇಕೇ ಎಂದು ಕೇಳಿದರು.

ಎರಡು ವರ್ಷದಿಂದ ನಾನು ಆ ಕಂಬದ ಹತ್ತಿರ ಹೋದಾಗಲೆಲ್ಲ ದುರ್ಬೀನು ಕೆಳಗಿಟ್ಟದ್ದು ಸಿಟ್ಟಿಗಲ್ಲ ಅ​ಕ್ಕ. ಅಲ್ಲಿ ನಿಂತಾಗ ನನ್ನ ಬಾಯಿಂದ ಇನ್ನೇನು ಬರುತ್ತದೋ ಎಂದು.

ಭಾನುವಾರದಿಂದ ದಿನವೂ ಬೆಳಿಗ್ಗೆ ಕಾಳು ಹಾಕಿದ ಮೇಲೆ ಅದೇ ಜಾಗದಲ್ಲಿ ಕಿಟಕಿಗೆ ಎದುರಾಗಿ ನಿಲ್ಲುತ್ತಿದ್ದೇನೆ. ಹೇಳಬೇಕಾದದ್ದನ್ನು ತುಟಿ ಬಿಡಿಸಿ, ನಿಧಾನವಾಗಿ ಹೇಳುತ್ತೇನೆ. ಒಳಗೆ ಹೋಗಿ ಹತ್ತಿರದಿಂದ ಹೇಳಬಹುದು, ಆದರೆ ಕಂಬದ ಹತ್ತಿರ ಹೇಳಿದ್ದನ್ನು ಅಲ್ಲಿಂದಲೇ ವಾಪಸು ತೆಗೆದುಕೊಳ್ಳಬೇಕು. ಹಳದಿ ಬಟ್ಟೆ ಇವತ್ತಿನವರೆಗೂ ದುರ್ಬೀನಿನ ಮೇಲೆಯೇ ಇದೆ, ಅಪ್ಪ ಗಡಿಯಾರ ನೋಡುತ್ತಿದ್ದಾರೆ. ನೋಡಲಿ. ಗಿರಣಿಗೇ ಬಗ್ಗದವಳು ನಾನು. ಅವರು ಅದನ್ನು ಎತ್ತುವವರೆಗೂ ನಿಲ್ಲುತ್ತೇನೆ.

ರಜೆ ಸಿಕ್ಕಿದರೆ ನೀನೂ ಬಾ. ಪಕ್ಕದಲ್ಲಿ ನಿನ್ನ ಜಾಗ ಖಾಲಿ ಇದೆ.